ಮರ್ಸೆನ್ ಸಂಖ್ಯೆ 2¹²⁷ − 1

ಬಿಡಿಸಿ ಬರೆದರೆ 170141183460469231731687303715884105727. ಈ 39 ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಫ್ರಾನ್ಸಿನ ಎಡ್ವರ್ ಲೂಕಾ 1876ರಲ್ಲಿ ಪ್ರಕಟಿಸಿದ. 1951ರವರೆಗೂ ಇದನ್ನು ಮೀರಿಸುವ ಅವಿಭಾಜ್ಯ ಸಂಖ್ಯೆ ಸಿಗಲಿಲ್ಲ. ಈ ದಾಖಲೆಗಾಗಿಯೇ ಇದು ಹೆಸರಾಗಿದ್ದರೂ ಇದರ ನಿಜವಾದ ಮಹತ್ವ ಗಾತ್ರದಲ್ಲಿಲ್ಲ. ಭಾಜಕಗಳನ್ನು ಹುಡುಕುವ ಗೋಜಿಗೇ ಹೋಗದೆ ಇದನ್ನು ಅವಿಭಾಜ್ಯವೆಂದು ತೋರಿಸಿದ್ದರಲ್ಲಿದೆ. 1772ರಲ್ಲಿ ಆಯ್ಲರ್ 2³¹ − 1 ಅನ್ನು ಪರೀಕ್ಷಿಸಿದ್ದು ಹಳೆಯ ದಾರಿಯಲ್ಲೇ. ಭಾಜಕವಿದ್ದರೆ ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರಬೇಕೆಂದು ಅವನು ಕಂಡುಕೊಂಡಿದ್ದರಿಂದ ನೂರಕ್ಕೂ ಕಡಿಮೆ ಭಾಗಾಕಾರಗಳಲ್ಲಿ ಕೆಲಸ ಮುಗಿಯಿತು. ಅದೇ ಜಾಣ್ಮೆಯನ್ನು 2¹²⁷ − 1ಕ್ಕೆ ಬಳಸಿ ಸೆಕೆಂಡಿಗೊಂದು ಭಾಜಕವನ್ನು ಪರೀಕ್ಷಿಸುತ್ತ ಹೋದರೂ 80 ಕೋಟಿ ವರ್ಷ ಸಾಲದು.

ಲೂಕಾನ ವಿಧಾನವನ್ನು 127ರ ಮೇಲೆಯೇ, ಅಂದರೆ 2⁷ − 1ರ ಮೇಲೆ, ಮಾಡಿ ನೋಡಬಹುದು. 3ರಿಂದ ಹೊರಟು ಪ್ರತಿಸಲವೂ ವರ್ಗ ಮಾಡಿ 2 ಕಳೆಯಬೇಕು. 127 ಮೀರಿದರೆ ಶೇಷವನ್ನಷ್ಟೇ ಇಟ್ಟುಕೊಳ್ಳಬೇಕು. 3, 7, 47, 48, 16 ಬರುತ್ತವೆ. ಮುಂದಿನದು 254, ಅಂದರೆ 127ರ ಎರಡರಷ್ಟು. ಐದೇ ಹೆಜ್ಜೆಗೆ ಶೇಷ ಸೊನ್ನೆ, ಆದ್ದರಿಂದ 127 ಅವಿಭಾಜ್ಯ. 2¹²⁷ − 1ಕ್ಕೆ ಇಂಥ ಹೆಜ್ಜೆಗಳು 125. ದ್ವಿಮಾನ ಪದ್ಧತಿಯಲ್ಲಿ ಬರೆದುಕೊಂಡರೆ ಶೇಷ ತೆಗೆಯಲು ಭಾಗಾಕಾರವೂ ಬೇಡ: 127 ಸ್ಥಾನಗಳಾಚೆ ಹೋದ ಅಂಕಿಗಳನ್ನು ಮತ್ತೆ ಮೊದಲಿಂದ ಕೂಡಿಸಿದರಾಯಿತು. ಬೇಸರದ ಕೆಲಸವೇನೋ ಹೌದು, ಆದರೆ ಮನುಷ್ಯನ ಆಯಸ್ಸಿನೊಳಗೆ ಮುಗಿಯುವಂಥದು.

2ರ ಯಾವ ಘಾತದಿಂದ 1 ಕಳೆದರೆ ಅವಿಭಾಜ್ಯ ಸಿಗುತ್ತದೆಂಬ ತನ್ನ ಪಟ್ಟಿಯಲ್ಲಿ, ಈ ಸಂಖ್ಯೆಗಳಿಗೆ ಹೆಸರಾದ ಮರ್ಸೆನ್ 1644ರಲ್ಲೇ 127 ಅನ್ನು ಸೇರಿಸಿದ್ದನಲ್ಲ, ಲೂಕಾ ಹೊಸದಾಗಿ ಮಾಡಿದ್ದೇನು ಎಂದು ಕೇಳಬಹುದು. ಆ ಪಟ್ಟಿಯಲ್ಲಿ 67, 257 ತಪ್ಪಾಗಿ ಸೇರಿವೆ. 61, 89, 107 ಬಿಟ್ಟುಹೋಗಿವೆ. ಇಷ್ಟು ತಪ್ಪುಗಳಿರುವ ಪಟ್ಟಿಯಲ್ಲಿ 127 ಇರುವುದನ್ನು ಊಹೆಯೆನ್ನಬೇಕೇ ಹೊರತು ಸಾಧನೆ ಎನ್ನಲಾಗದು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಲೂಕಾನ ಪ್ರಮೇಯಗಳ ಸಾಧನೆಯಲ್ಲಿ ತೆರಪುಗಳಿದ್ದವು. ಅಮೆರಿಕದ ಡಿ. ಎಚ್. ಲೆಮರ್ 1930ರಲ್ಲಿ ಅವನ್ನು ತುಂಬಿ, 4ರಿಂದ ಹೊರಟರೆ 2ನ್ನು ಬಿಟ್ಟು ಉಳಿದ ಎಲ್ಲ ಅವಿಭಾಜ್ಯ ಘಾತಗಳಿಗೂ ವಿಧಾನ ಹೊಂದುತ್ತದೆಂದು ತೋರಿಸಿದ. ಹಾಗೆಂದು ಹಿರಿಮೆ ಲೆಮರ್‌ಗೆ ಮಾತ್ರ ಸಲ್ಲುವುದಿಲ್ಲ. ಅವನು ಬಿಗಿಗೊಳಿಸಿದ ವಿಚಾರ ಲೂಕಾನದೇ. 2024ರಲ್ಲಿ ಸಿಕ್ಕ 4 ಕೋಟಿಗೂ ಹೆಚ್ಚು ಅಂಕಿಗಳ 2¹³⁶²⁷⁹⁸⁴¹ − 1 ಅನ್ನು ದೃಢಪಡಿಸಿದ್ದೂ ಇಬ್ಬರ ಹೆಸರನ್ನೂ ಹೊತ್ತ ಈ ಪರೀಕ್ಷೆಯೇ.

ಈ ಪರೀಕ್ಷೆಗೂ ಮಿತಿಯುಂಟು, ಅದು ಕಾಣುವುದು ಇದೇ ಸಂಖ್ಯೆಯ ಆಚೆ ಬದಿಯಲ್ಲಿ. 2, 3, 7, 127, 2¹²⁷ − 1 ಎಂಬ ಸಾಲಿನಲ್ಲಿ ಪ್ರತಿಯೊಂದೂ ಹಿಂದಿನದನ್ನು ಘಾತವಾಗಿ ಉಳ್ಳದ್ದು, ಎಲ್ಲವೂ ಅವಿಭಾಜ್ಯ. 1876ರಲ್ಲೇ ಗಣಿತಜ್ಞ ಕ್ಯಾಟಲಾನ್ ಗಮನಕ್ಕೆ ತಂದ ಈ ಸಾಲಿನ ಮುಂದಿನ ಸಂಖ್ಯೆ ಎಷ್ಟು ದೊಡ್ಡದೆಂದರೆ ಅದರ ಅಂಕಿಗಳ ಎಣಿಕೆಯೇ 38 ಅಂಕಿಗಳ ಸಂಖ್ಯೆ. ಅಲ್ಲಿ ಲೂಕಾನ ಹೆಜ್ಜೆಗಳನ್ನು ಯಾವ ಯಂತ್ರವೂ ಮುಗಿಸಲಾರದು. ಸದ್ಯಕ್ಕೆ ಉಳಿದಿರುವುದು ಆಯ್ಲರನಂತೆ ಭಾಜಕಗಳನ್ನು ಒಂದೊಂದಾಗಿ ಹುಡುಕುವ ದಾರಿ. ಅದರಿಂದ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಬಹುದೇ ವಿನಾ ಅವಿಭಾಜ್ಯವೆಂದು ಸಾಧಿಸಲಾಗದು.