ನಿಲುಗಲ್ಲುಗಳು ಮತ್ತು ಸೂರ್ಯೋದಯ: ಲೆಕ್ಕವೋ, ಕಾಕತಾಳೀಯವೋ?

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆ ಹೊಲದ ನಡುವೆ ಕಲ್ಲೊಂದು ನೆಟ್ಟಗೆ ನಿಂತಿದ್ದರೆ ಅದು ವೀರಗಲ್ಲಿರಬಹುದು, ಮಾಸ್ತಿಕಲ್ಲಿರಬಹುದು, ಗಡಿಕಲ್ಲೋ ಕರುಗಲ್ಲೋ ಇರಬಹುದು. ಕೆತ್ತನೆ, ಬರಹ ಯಾವುದೂ ಇಲ್ಲದ ಒರಟು ಬಂಡೆಗಳು ಗುಂಪಾಗಿ ನಿಂತಿದ್ದರೆ ಮಾತ್ರ ಬೃಹತ್ ಶಿಲಾಯುಗದ ನಿಲುಗಲ್ಲು ಅಂತ ಅನುಮಾನ ಪಡಬಹುದು. ಅಂಥವನ್ನು ಕಂಡ ಕೂಡಲೇ "ಸೂರ್ಯೋದಯ ನೋಡಿಯೇ ನೆಟ್ಟದ್ದು" ಅನ್ನುವವರಿದ್ದಾರೆ. ಒಪ್ಪುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಈ ಸೀಮೆ ಇರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಜೂನ್ 21ರ ಸುಮಾರಿಗೆ ಸೂರ್ಯ ನೇರ ಪೂರ್ವಕ್ಕಿಂತ 24 ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ, ಡಿಸೆಂಬರ್ 21ರ ಸುಮಾರಿಗೆ ಅಷ್ಟೇ ದಕ್ಷಿಣಕ್ಕೆ. ಮೂರು ಸಾವಿರ ವರ್ಷದ ಹಿಂದೆ ಇದರಲ್ಲಿ ಅರ್ಧ ಡಿಗ್ರಿಗೂ ಕಡಿಮೆ ವ್ಯತ್ಯಾಸ ಇತ್ತು, ಅಷ್ಟೆ. ಆದರೆ ಎದುರಿಗೆ ಬೆಟ್ಟ ಇದ್ದರೆ ಸೂರ್ಯ ಕಾಣಿಸುವ ಜಾಗವೇ ಸರಿಯುತ್ತದೆ. 5 ಡಿಗ್ರಿ ಎತ್ತರದ ಬೆಟ್ಟ ಅದನ್ನು ಒಂದು ಡಿಗ್ರಿಗಿಂತ ಹೆಚ್ಚು ದಕ್ಷಿಣಕ್ಕೆ ತಳ್ಳುತ್ತದೆ. ಬೆಟ್ಟಗಳೇ ತುಂಬಿರುವ ಮಧುಗಿರಿ ಕಡೆ ಇದನ್ನು ಮರೆಯುವಂತಿಲ್ಲ!

ಇನ್ನೊಂದು ತೊಡಕಿದೆ. 20 ಕಲ್ಲುಗಳಿದ್ದರೆ ಎರಡೆರಡನ್ನು ಸೇರಿಸಿ 190 ಗೆರೆ ಎಳೆಯಬಹುದು. ಆಚೀಚೆ ಒಂದು ಡಿಗ್ರಿ ರಿಯಾಯಿತಿ ಕೊಟ್ಟರೆ, ಕಣ್ಣುಮುಚ್ಚಿ ನೆಟ್ಟ ಕಲ್ಲುಗಳಲ್ಲೂ ಸುಮಾರು ಎರಡು ಗೆರೆ ಜೂನ್ ಸೂರ್ಯೋದಯದ ದಿಕ್ಕಿಗೆ ಕೂತೇ ಕೂರುತ್ತವೆ. ಡಿಸೆಂಬರ್‌ಗೆ ಇನ್ನೆರಡು. ಹಾಗಾಗಿ ಒಂದು ಗೆರೆ ಸರಿಹೊಂದಿತು ಅನ್ನುವುದು ಸಾಕ್ಷಿಯೇ ಅಲ್ಲ. ಎಷ್ಟು ಗೆರೆಗಳಲ್ಲಿ ಎಷ್ಟು ಹೊಂದಿದವು, ಅದೇ ಮಾದರಿ ಬೇರೆ ಊರಲ್ಲೂ ಇದೆಯೇ, ಇವೇ ನಿಜವಾದ ಪ್ರಶ್ನೆಗಳು.

ನಮ್ಮ ರಾಜ್ಯದಲ್ಲೇ ಇಂಥ ಅಳತೆ ನಡೆದಿರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆ, ಬೈಸೆ ಮತ್ತು ನಿಲಸ್ಕಲ್‌ನಲ್ಲಿ. ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಶ್ ರಾವ್ 2012ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಇದನ್ನು ಬರೆದರು. ಜೂನ್, ಡಿಸೆಂಬರ್‌ಗಳ ಉದಯಾಸ್ತದ ದಿಕ್ಕಿಗೆ ಕಲ್ಲಿನ ಜೋಡಿಗಳು ಹೊಂದುತ್ತವೆ ಎಂಬುದು ಅವರ ವಾದ. ನನಗೆ ಇದರಲ್ಲಿ ತೂಕ ಕಾಣುವುದು ಒಂದು ಜೋಡಿ ಹೊಂದಿತು ಅಂತಲ್ಲ, ಒಂದಕ್ಕಿಂತ ಹೆಚ್ಚು ಊರಿನಲ್ಲಿ ಹುಡುಕಿ ನೋಡಿದ್ದಾರೆ ಅಂತ.

ಬಯಲುಸೀಮೆಯ ಕಲ್ಲುಗಳಿಗೂ ಇದೇ ಪರೀಕ್ಷೆ ಆಗಬೇಕು. ಆದರೆ ಕಲ್ಲು ಇದ್ದಲ್ಲೇ ಇರಬೇಕಲ್ಲ? 20ರಲ್ಲಿ ಒಂದನ್ನು ಕಿತ್ತು ಬದುವಿಗೆ ಹಾಕಿದರೆ 19 ಗೆರೆಗಳು ಒಟ್ಟಿಗೇ ಹೋದವು. ಆಮೇಲೆ ಹೌದು ಅನ್ನುವುದಕ್ಕೂ ಆಗದು, ಅಲ್ಲ ಅನ್ನುವುದಕ್ಕೂ ಆಗದು. ನಿಮ್ಮೂರ ಹೊಲದಲ್ಲಿ ಇಂಥವು ಇದ್ದರೆ ಅರ್ಥ ಹೇಳುವ ಅವಸರ ಬೇಡ. ಮೊದಲು ಪ್ರತಿ ಕಲ್ಲಿನ ಜಾಗ ಗುರುತು ಮಾಡಿಡಿ, ಫೋಟೋ ತೆಗೆದಿಡಿ. ಸೂರ್ಯ ಹೇಗೂ ನಾಳೆಯೂ ಹುಟ್ಟುತ್ತಾನೆ..