23 ವರ್ಷ ತಡವಾಗಿ ಬಂದ ಪದಕ

ರಣರಂಗದ ಶೌರ್ಯಕ್ಕೆ ಪದಕ ದೊರೆಯಬೇಕಾದರೆ ಅದನ್ನು ಕಂಡವರಿರಬೇಕು. ಜೊತೆಗಾರರ, ಮೇಲಧಿಕಾರಿಗಳ ವರದಿಯಿಂದಲೇ ಶಿಫಾರಸು ಸಿದ್ಧವಾಗುತ್ತದೆ. ಹಾಗಾದರೆ, ತನ್ನವರಾರೂ ಕಾಣದಂತೆ ಹೋರಾಡಿ ಮಡಿದವನ ಸಾಹಸವನ್ನು ಹೇಳುವವರಾರು? ಕೊಡಗಿನ ವೀರ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯದಲ್ಲಿ ಅದನ್ನು ಹೇಳಿದ್ದು ಎದುರಾಳಿಯ ಪಾಳೆಯ.

1932ರಲ್ಲಿ ಜನಿಸಿದ ದೇವಯ್ಯನವರು 1954ರಲ್ಲಿ ಭಾರತೀಯ ವಾಯುಪಡೆಯ ಅಧಿಕಾರಿಯಾದರು. 1965ರಲ್ಲಿ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಅವರು 1ನೇ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ದಾಳಿ ಮಾಡಿದವು. ಮರುದಿನ ಮುಂಜಾನೆ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಶತ್ರುವಿನ ಪ್ರಮುಖ ವಾಯುನೆಲೆಯಾದ ಸರ್ಗೋಧಾದತ್ತ ಹೊರಟವು. ನಾಯಕತ್ವ ವಿಂಗ್ ಕಮಾಂಡರ್ ಒ.ಪಿ. ತನೇಜಾ ಅವರದು.

ಅಂದು ದೇವಯ್ಯನವರು ಕಾಯ್ದಿರಿಸಿದ ಪೈಲಟ್ ಮಾತ್ರ. ಯಾವುದಾದರೂ ವಿಮಾನ ಹಿಂದುಳಿದರೆ ಅದರ ಸ್ಥಾನ ತುಂಬುವುದು ಅವರ ಹೊಣೆ. ಅಂತಹ ಸ್ಥಾನವೊಂದು ತೆರವಾಯಿತು. ಅವರು ತಂಡವನ್ನು ಕೂಡಿಕೊಂಡರು.

ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿತು. ಅಮೆರಿಕದಲ್ಲಿ ನಿರ್ಮಾಣಗೊಂಡ ಈ ವಿಮಾನ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಫ್ರಾನ್ಸಿನ ಮಿಸ್ಟೇರ್‌ಗೆ ಆ ವೇಗವಿರಲಿಲ್ಲ. ಜೊತೆಗೆ, ಶತ್ರುನೆಲದ ಮೇಲೆ ಕಾದಾಡುತ್ತ ನಿಂತರೆ ಮನೆ ಸೇರಲು ಇಂಧನ ಸಾಲದು. ಆದರೂ ದೇವಯ್ಯನವರು ತಿರುಗಿ ನಿಂತರು. ಮುಂದೆ ಸಾಗಿದ್ದ ಸಂಗಾತಿಗಳಿಗೆ ಈ ಕಾಳಗ ಕಾಣಲಿಲ್ಲ. ದೇವಯ್ಯನವರು ಮರಳಲಿಲ್ಲ. ದಾಖಲೆಯಲ್ಲಿ ಅವರು 'ಕಾಣೆಯಾದವರು' ಎಂದಷ್ಟೇ ಉಳಿದರು.

ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಆ ವಾಯುಸಮರವನ್ನು ಕುರಿತು ಪ್ರಕಟಿಸಿದ ಪುಸ್ತಕ ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿತ್ತು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಉರುಳಿತೆಂದೂ ಅವರು ಧುಮುಕುಕೊಡೆಯಿಂದ ಪಾರಾದರೆಂದೂ ಅದು ತಿಳಿಸಿತು. ಮುಂಜಾನೆಯ ಆ ಮೊದಲ ದಾಳಿಯಿಂದ ಮರಳದ ಮಿಸ್ಟೇರ್ ಒಂದೇ, ಅದು ದೇವಯ್ಯನವರದು. ನಿಧಾನ ವಿಮಾನವೊಂದು ಅತಿವೇಗದ ವಿಮಾನವನ್ನು ಕೆಡವಿತ್ತು!

1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ನೀಡಲಾಯಿತು.

ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ದಾಖಲೆಯಲ್ಲಿ ಇಲ್ಲವೆಂದ ಮಾತ್ರಕ್ಕೆ ಘಟನೆ ನಡೆದಿಲ್ಲವೆಂದಲ್ಲ. ಒಂದು ಪಕ್ಷದ ಕಡತ ಮೌನವಾಗಿದ್ದಾಗ ಇನ್ನೊಂದು ಪಕ್ಷದ ಕಡತವನ್ನೂ ತೆರೆದು ನೋಡಬೇಕು. ದೇವಯ್ಯನವರಿಗೆ ನ್ಯಾಯ ಸಿಕ್ಕಿದ್ದು ಆ ದಾರಿಯಲ್ಲೇ.