ವಿಕೃತಿ, ಸ್ವಭಾವ, ಜೋಡಿ: ಸಲಿಂಗ ಸಂಬಂಧ ಕುರಿತ ಕಥೋಲಿಕ ಬೋಧನೆ ಮತ್ತು ಕನ್ನಡದ ಪದಗಳು

ಅರಸೀಕೆರೆ, ಬೇಲೂರು, ಹಳೇಬೀಡುಗಳ ಕಥೋಲಿಕರು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ ಸೇರಿದವರು. ಹಾಸನ ಸೀಮೆಯಲ್ಲಿ ಈ ಧರ್ಮ ಕನ್ನಡದಲ್ಲಿ ಮಾತಾಡತೊಡಗಿದ್ದು ಅದಕ್ಕೂ ಬಹಳ ಹಿಂದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಸಾತಳ್ಳಿಯ ರೈತರ ನಡುವೆ ದುಡಿದಿದ್ದರು. ಹಾಗೆ ಬೆಳೆದ ಕ್ರೈಸ್ತ ಕನ್ನಡ ಸಲಿಂಗ ಸಂಬಂಧದ ಪ್ರಶ್ನೆ ಎದುರಾದಾಗ ಮಾತ್ರ ತಡವರಿಸುತ್ತದೆ. ಈ ವಿಷಯದಲ್ಲಿ ಧರ್ಮಸಭೆ ಹಲವು ಸೂಕ್ಷ್ಮ ಭೇದಗಳನ್ನು ಮಾಡಿಕೊಂಡಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಪದಗಳು ಅವುಗಳಲ್ಲಿ ಕೆಲವನ್ನು ಅಳಿಸಿಹಾಕುತ್ತವೆ, ಕೆಲವನ್ನು ರೋಮಿಗಿಂತ ಚೆನ್ನಾಗಿ ಹಿಡಿದಿಡುತ್ತವೆ ಎಂಬುದು ನನ್ನ ವಾದ.

1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಪರಿಚ್ಛೇದಗಳು ಕ್ರಿಯೆ, ಒಲವು, ವ್ಯಕ್ತಿ ಈ ಮೂರನ್ನೂ ಬೇರೆಬೇರೆಯಾಗಿ ನೋಡುತ್ತವೆ. ಕ್ರಿಯೆ ಕ್ರಮ ತಪ್ಪಿದ್ದು. ವ್ಯಕ್ತಿಗೆ ಗೌರವ, ಕರುಣೆ ಸಲ್ಲಬೇಕು, ಅನ್ಯಾಯದ ತಾರತಮ್ಯ ಕೂಡದು. ಅವರಿಗೆ ಕರೆಯಿರುವುದು ಶುದ್ಧಜೀವನಕ್ಕೆ. ಈ ಸ್ಥಿತಿ ಅವರು ಆರಿಸಿಕೊಂಡದ್ದಲ್ಲ ಎಂಬ ಮಾತೂ ಮೊದಲ ಪಾಠದಲ್ಲಿತ್ತು. 1997ರ ಲ್ಯಾಟಿನ್ ಅಧಿಕೃತ ಪಾಠದಲ್ಲಿ ಅದು ಹೋಗಿ, ಒಲವೇ ಕ್ರಮ ತಪ್ಪಿದ್ದೆಂಬ ಮಾತು ಬಂತು. 1986ರ ವ್ಯಾಟಿಕನ್ ಪತ್ರದಲ್ಲಿದ್ದ ನಿಲುವು ಹೀಗೆ ಧರ್ಮೋಪದೇಶದ ಒಳಕ್ಕೇ ಸೇರಿಕೊಂಡಿತು.

ಇಲ್ಲಿ ‘ಕ್ರಮ’ ಎಂದರೆ ಗುರಿಯತ್ತ ಸಾಗುವ ದಾರಿ. ಮಧ್ಯಯುಗದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರ ಲೆಕ್ಕದಲ್ಲಿ ಕಾಮದ ಗುರಿ ಸಂತಾನ. ಆ ಗುರಿಗೆ ಮುಖ ಮಾಡದ್ದು ಕ್ರಮ ತಪ್ಪಿದ್ದು. ಇದೇ ತರ್ಕದ ಮೇಲೆ 1968ರಲ್ಲಿ ಪೋಪ್ ಆರನೆಯ ಪೌಲರು ಕೃತಕ ಸಂತಾನ ನಿಯಂತ್ರಣವನ್ನೂ ನಿಷೇಧಿಸಿದರು. ಆದರೆ ಕನ್ನಡದಲ್ಲಿ ಥಟ್ಟನೆ ನಾಲಿಗೆಗೆ ಬರುವ ಪದ ‘ವಿಕೃತ’. ಗುಳಿಗೆ ನುಂಗುವ ಗೃಹಿಣಿಯನ್ನು ಯಾರೂ ವಿಕೃತಳೆನ್ನುವುದಿಲ್ಲ. ಒಂದೇ ತರ್ಕ, ಒಬ್ಬರಿಗೆ ಪಾಪನಿವೇದನೆಯ ವಿಷಯ, ಇನ್ನೊಬ್ಬರಿಗೆ ಹೇಸಿಗೆಯ ಬಿರುದು.

‘ಅನೈಸರ್ಗಿಕ’ ಎಂಬ ಪದದ್ದು ಇನ್ನೊಂದು ಪೇಚು. ಅದು ಪೀಠದಿಂದ ಬಂದದ್ದಕ್ಕಿಂತ ಪೊಲೀಸ್ ಠಾಣೆಯಿಂದ ಬಂದದ್ದೇ ಹೆಚ್ಚು. 1860ರ ದಂಡಸಂಹಿತೆಯ 377ನೇ ಕಲಮು ಅಕ್ವಿನಾಸರ ನಿಸರ್ಗದ ಮಾತನ್ನು ವಸಾಹತು ಕಾನೂನಿಗೆ ತಂದಿತು, ಪತ್ರಿಕೆಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಪಾಪವೂ ಅಪರಾಧವೂ ಹೀಗೆ ಒಂದೇ ಹೆಸರು ಹೊತ್ತವು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಎತ್ತಿಹಿಡಿದಾಗ, ಸಲಿಂಗಿಗಳನ್ನು ಧರ್ಮಸಭೆ ಅಪರಾಧಿಗಳೆಂದು ಎಣಿಸಿಲ್ಲವೆಂದು ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಷಿಯಸ್ ಹೇಳಿದ್ದರು. ವಯಸ್ಕರ ಸಮ್ಮತಿಯ ಸಂಬಂಧವನ್ನು ನ್ಯಾಯಾಲಯ ಆ ಕಲಮಿನಿಂದ ಬಿಡಿಸಿದ್ದು 2018ರಲ್ಲಿ.

ಬೇಲೂರು ಹಳೇಬೀಡುಗಳ ದೇವಾಲಯಗಳ ಶಿಲ್ಪದ ಗೋಡೆಗಳನ್ನು ತೋರಿಸಿ ‘ನಮ್ಮಲ್ಲಿ ಎಲ್ಲವೂ ಇತ್ತಲ್ಲ’ ಎನ್ನುವ ವಾದವೊಂದಿದೆ. ಅಕ್ವಿನಾಸರನ್ನು ಅದು ತಟ್ಟದು. ಲೋಕದಲ್ಲಿ ಕಾಣಸಿಗುವುದೆಲ್ಲ ಅವರ ಪಾಲಿಗೆ ನಿಸರ್ಗವಲ್ಲ. ಅವರನ್ನು ಅವರ ಮಾತಿನಿಂದಲೇ ಕೇಳಬೇಕು. ತಮ್ಮ ಮೇರುಗ್ರಂಥ ‘ಸುಮ್ಮಾ’ದಲ್ಲಿ ಸುಖದ ಚರ್ಚೆ ಬಂದಾಗ, ಮನುಷ್ಯಜಾತಿಯ ನಿಸರ್ಗಕ್ಕೆ ಹೊರತಾದದ್ದೂ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಸಹಜವಾಗಿಬಿಡಬಹುದೆಂದು ಅವರು ಒಪ್ಪುತ್ತಾರೆ, ಗಂಡಸರ ನಡುವಿನ ಕೂಟವನ್ನೂ ಅಲ್ಲೇ ಹೆಸರಿಸುತ್ತಾರೆ. ಅವರಿಗದು ನಿಸರ್ಗ ಕೆಟ್ಟದ್ದರ ಫಲ, ಮೆಚ್ಚುಗೆಯ ಮಾತಲ್ಲ. ಆದರೂ ಜಾತಿಯ ನಿಸರ್ಗ ಬೇರೆ, ಆಳಿನ ಸ್ವಭಾವ ಬೇರೆ ಎಂಬ ಸಂದು ಅಲ್ಲಿ ತೆರೆದಿದೆ. ಕನ್ನಡಕ್ಕೆ ಈ ಸಂದು ಹೊಸತಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವವರು ಗುಣದ ಒಳಿತು ಕೆಡುಕಿನ ತೀರ್ಪು ಕೊಡುತ್ತಿರುವುದಿಲ್ಲ, ಅದು ಆರಿಸಿಕೊಂಡದ್ದಲ್ಲ ಎನ್ನುತ್ತಿರುತ್ತಾರೆ. 1997ರಲ್ಲಿ ಬಿಟ್ಟುಹೋದ ಸಾಲಿನ ತಿರುಳೂ ಇದೇ. ‘ವಿಕೃತಿ’ಯ ಜಾಗದಲ್ಲಿ ‘ಸ್ವಭಾವ’ವನ್ನಿಟ್ಟು ಧರ್ಮೋಪದೇಶ ಮಾಡಿದರೆ ಬೋಧನೆ ಬದಲಾಗದು, ಕೇಳುವವರ ಕಿವಿ ಬದಲಾದೀತು.

‘ಸಂಸ್ಕಾರ’ ಪದದ ವಿಷಯದಲ್ಲಿ ಮಾತ್ರ ಕನ್ನಡ ಕ್ರೈಸ್ತರು ಅದೃಷ್ಟವಂತರು. ವಿವಾಹ ಏಳು ಸಂಸ್ಕಾರಗಳಲ್ಲೊಂದು; ಆಶೀರ್ವಾದ ಅದಲ್ಲ. ಮನೆಗೆ, ವಾಹನಕ್ಕೆ, ತೆನೆಹಬ್ಬದ ಹೊಸ ತೆನೆಗೆ ಸಿಗುವುದು ಆಶೀರ್ವಾದವೇ. ಹಾಗಾಗಿ 2023ರ ಡಿಸೆಂಬರ್ 18ರಂದು ವ್ಯಾಟಿಕನ್ ‘ಫಿದೂಚಿಯಾ ಸುಪ್ಲಿಕಾನ್ಸ್’ ಎಂಬ ಘೋಷಣೆ ಹೊರಡಿಸಿ, ಸಲಿಂಗ ಜೋಡಿಗಳಿಗೂ ಪೂಜಾವಿಧಿಯಲ್ಲದ ಸರಳ ಆಶೀರ್ವಾದ ನೀಡಬಹುದು, ಮದುವೆಯ ಛಾಯೆಯೂ ಅದರ ಮೇಲೆ ಬೀಳಬಾರದು ಎಂದಾಗ ಅದನ್ನು ಇಲ್ಲಿನ ಭಕ್ತರಿಗೆ ತಿಳಿಹೇಳುವುದು ಕಷ್ಟವಾಗಬೇಕಿಲ್ಲ. 2021ರಲ್ಲಿ ಇದೇ ವ್ಯಾಟಿಕನ್ ಅಂಥ ಆಶೀರ್ವಾದ ಸಲ್ಲದೆಂದಿತ್ತು. 2024ರ ಜನವರಿಯಲ್ಲಿ ಆಫ್ರಿಕಾದ ಧರ್ಮಾಧ್ಯಕ್ಷರು ತಮ್ಮಲ್ಲಿ ಅದು ಆಗದೆಂದರು. ಅದೇ ತಿಂಗಳು ವ್ಯಾಟಿಕನ್ ಕೊಟ್ಟ ವಿವರಣೆಯ ಪ್ರಕಾರ ಅದು ಹತ್ತು ಹದಿನೈದು ಸೆಕೆಂಡಿನ ಪ್ರಾರ್ಥನೆ.

ತೊಡಕು ಉಳಿಯುವುದು ‘ಜೋಡಿ’ಯಲ್ಲಿ. ಆಶೀರ್ವಾದ ಜೋಡಿಗೆ, ಅವರ ಸಂಬಂಧಕ್ಕಲ್ಲ ಎನ್ನುತ್ತದೆ ರೋಮ್. ಎತ್ತಿನ ಜೋಡಿ, ಕೆರದ ಜೋಡಿ, ಗಂಡಹೆಂಡಿರ ಜೋಡಿ ಎನ್ನುವ ನಮ್ಮ ಮಾತಿನಲ್ಲಿ ಜೊತೆಯಿಲ್ಲದೆ ಜೋಡಿಯಿಲ್ಲ. ನೊಗ ಕಳಚಿದರೆ ಉಳಿಯುವುದು ಎರಡು ಎತ್ತು. ಅರಸೀಕೆರೆಯ ಗುಡಿಬಾಗಿಲಲ್ಲಿ ಇಬ್ಬರು ತಲೆಬಾಗಿ ನಿಂತರೆ, ಆ ಹದಿನೈದು ಸೆಕೆಂಡಿನಲ್ಲಿ ಗುರುಗಳು ಹೇಳಬೇಕಾದದ್ದು ಎರಡು ಪ್ರಾರ್ಥನೆಯೋ ಒಂದೋ?